ಕೊರಳಿಗೆ ಬಿದ್ದ ಕೈ ಯಾರ ತಪ್ಪು?

ಆಸ್ಟ್ರೇಲಿಯ ಎಂದೊಡನೆ ನಮ್ಮ ಶಾಲೆಯ ಹುಡುಗರ ನೆನಪಿಗೆ ಬರುವುದು ಕ್ರಿಕೆಟ್. ಅದರಲ್ಲಿಯೂ ಮೆಲ್ಬರ್ನ್ ನಗರದ ಕ್ರಿಕೆಟ್ ಮೈದಾನದ ಹೆಸರನ್ನು ಕೇಳದವರು ವಿರಳ. 1977ರ ಕೊನೆಯಲ್ಲಿ ಆರಂಭವಾದ ಟೆಸ್ಟಿನಲ್ಲಿ ಬಿ. ಎಸ್. ಚಂದ್ರಶೇಖರ್ ಎರಡು ಇನಿಂಗ್ಸಿನಲ್ಲೂ ಆರಾರು ವಿಕೆಟ್ ಪಡೆದು ಭಾರತಕ್ಕೆ ಆ ನಾಡಿನಲ್ಲಿ ಮೊತ್ತಮೊದಲ ಟೆಸ್ಟ್ ಜಯ ದೊರಕಿಸಿಕೊಟ್ಟದ್ದು ಅಲ್ಲಿಯೇ; 1981ರಲ್ಲಿ ಜಿ. ಆರ್. ವಿಶ್ವನಾಥ್ 114 ಓಟಗಳನ್ನು ಹೊಡೆದದ್ದೂ ಅಲ್ಲಿಯೇ. ಅದೇ 1981ರ ಪಂದ್ಯದಲ್ಲಿ ಅಂಪಾಯರರ ಎಲ್.ಬಿ.ಡಬ್ಲ್ಯು. ತೀರ್ಪಿಗೆ ಸಿಟ್ಟಾದ ಗಾವಸ್ಕರರು ಜೊತೆಗಾರ ಚೌಹಾಣರನ್ನೂ ಕರೆದುಕೊಂಡು ಅಂಗಣದಿಂದ ಹೊರಟೇಬಿಟ್ಟಿದ್ದ ಸಂಗತಿಯನ್ನು ಹಿರಿಯರು ಇಂದಿಗೂ ಹೇಳುವುದುಂಟು.

ಆದರೆ ನಮ್ಮಲ್ಲಿ ಮಳೆ ಸುರಿಯುವ ಜೂನ್, ಜುಲೈ ತಿಂಗಳುಗಳು ಅವರಿಗೆ ಚಳಿಗಾಲ. ಆಗ ಆ ಮೈದಾನದಲ್ಲಿ ಕ್ರಿಕೆಟ್ ಇರುವುದಿಲ್ಲ. ಲಕ್ಷಕ್ಕೆ ಸಮೀಪ ಜನ ಕುಳಿತು ನೋಡಬಲ್ಲ ಆ ಅಂಗಣದಲ್ಲಿ ಮೊಟ್ಟೆಯಾಕಾರದ ಚೆಂಡೊಂದು ಹಾರಾಡುತ್ತಿರುತ್ತದೆ. ಇದು ಆಸ್ಟ್ರೇಲಿಯದವರ ಸ್ವಂತ ಕಾಲ್ಚೆಂಡು. ಆ ಆಟದಲ್ಲಿಯೂ ಅಂಪಾಯರರ ತೀರ್ಪಿನ ಮೇಲೆ ಜಗಳ ಉಂಟು. ಹಾಗೆ ಹೆಚ್ಚಾಗಿ ಜಗಳ ಹುಟ್ಟಿಸುವ ಒಂದು ನಿಯಮವನ್ನು ಈ ಲೇಖನದಲ್ಲಿ ವಿಚಾರಿಸೋಣ. ಎದುರಾಳಿಯನ್ನು ಹಿಡಿಯುವಾಗ ಕೈ ಅವನ ಹೆಗಲಿನಿಂದ ಮೇಲಕ್ಕೆ ಹೋದರೆ ತಪ್ಪು ಯಾರದು ಎಂಬುದೇ ಪ್ರಶ್ನೆ. ಕೇಳುವುದಕ್ಕೆ ಬಹಳ ಸರಳ. ಬಿಡಿಸಹೋದರೆ ನ್ಯಾಯಾಲಯದ ಮೊಕದ್ದಮೆಯಷ್ಟು ಸಿಕ್ಕು.

ಮೊದಲು ಆಟದ ಪರಿಚಯ ಅಗತ್ಯ. ಇದರ ಹುಟ್ಟಿಗೂ ಕ್ರಿಕೆಟಿಗೂ ನಂಟಿದೆ. ಟಾಮ್ ವಿಲ್ಸ್ ಎಂಬ ಕ್ರಿಕೆಟ್ ಆಟಗಾರನು ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟಬಾರದು, ಅದಕ್ಕಾಗಿ ಕಾಲ್ಚೆಂಡಿನ ಸಂಘವೊಂದು ಬೇಕು ಎಂದು 1858ರ ಜುಲೈಯಲ್ಲಿ ಪತ್ರಿಕೆಗೆ ಬರೆದನು. ಮರುವರ್ಷ, 1859ರ ಮೇ 17ರಂದು, ಅವನೂ ಅವನ ಕೆಲವು ಮಿತ್ರರೂ ಮೆಲ್ಬರ್ನಿನಲ್ಲಿ ಕುಳಿತು ಹತ್ತು ನಿಯಮಗಳನ್ನು ಬರೆದರು. ಓಡುವವನನ್ನು ಕಾಲುಕೊಟ್ಟು ಬೀಳಿಸಲು ಆ ಹತ್ತರಲ್ಲಿ ಅನುಮತಿ ಇತ್ತೆಂದರೆ ಇಂದಿನ ಹುಡುಗರು ನಗಬಹುದು! ಈಗ ಅದು ಕಟ್ಟುನಿಟ್ಟಾಗಿ ನಿಷಿದ್ಧ. ವಿಕ್ಟೋರಿಯ ಪ್ರಾಂತದ ಸಂಘಗಳ ಕೂಟವು 1897ರಲ್ಲಿ ತನ್ನ ಮೊದಲ ಪಂದ್ಯಾವಳಿಯನ್ನು ನಡೆಸಿತು. ಅದೇ ಕೂಟ 1990ರಿಂದ ಆಸ್ಟ್ರೇಲಿಯನ್ ಫುಟ್ಬಾಲ್ ಲೀಗ್ ಎಂಬ ಹೆಸರು ಪಡೆದು ದೇಶವ್ಯಾಪಿಯಾಗಿದೆ.

ಪ್ರತಿ ಪಕ್ಷದಲ್ಲಿ 18 ಮಂದಿ ಏಕಕಾಲಕ್ಕೆ ಅಂಗಣದಲ್ಲಿರುತ್ತಾರೆ. ಅಂಗಣವೂ ಚೆಂಡಿನಂತೆಯೇ ನೀಳಗೋಲ. ಎರಡು ತುದಿಗಳಲ್ಲಿಯೂ ನಾಲ್ಕು ನಾಲ್ಕು ಕಂಬಗಳು. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಚೆಂಡನ್ನು ಒದ್ದರೆ ಗೋಲು, ಅದಕ್ಕೆ 6 ಅಂಕ. ಪಕ್ಕದ ಕಂಬಗಳ ಸಂದಿನಲ್ಲಿ ಹೋದರೆ 1 ಅಂಕ ಮಾತ್ರ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಆದರೆ ಹದಿನೈದು ಮೀಟರಿಗೆ ಒಮ್ಮೆಯಾದರೂ ಅದನ್ನು ನೆಲಕ್ಕೆ ಪುಟಿಸಬೇಕು ಅಥವಾ ತಾಗಿಸಬೇಕು. ಜೊತೆಗಾರನಿಗೆ ಕೊಡಬೇಕಾದರೆ ಒದೆಯಬೇಕು, ಇಲ್ಲವೆ ಒಂದು ಅಂಗೈಯಲ್ಲಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಬೇಕು. ಎಸೆಯುವಂತಿಲ್ಲ.

ಚೆಂಡು ಹಿಡಿದು ಓಡುವವನನ್ನು ತಡೆಯಲು ಎದುರಾಳಿಗಿರುವ ದಾರಿ ಅವನನ್ನು ತಬ್ಬಿ ಹಿಡಿಯುವುದು. ಇದಕ್ಕೆ ಅವರು ಟ್ಯಾಕಲ್ ಎನ್ನುತ್ತಾರೆ. ನಮ್ಮ ಕಬಡ್ಡಿ ನೋಡಿದವರಿಗೆ ಹಿಡಿತ ಎಂದರೆ ಸಾಕು, ಚಿತ್ರ ಕಣ್ಣೆದುರು ನಿಲ್ಲುತ್ತದೆ. ಕಬಡ್ಡಿಯಲ್ಲಿ ದಾಳಿಗೆ ಬಂದವನ ಕೈಕಾಲನ್ನು ಅಥವಾ ಮುಂಡವನ್ನು ಹಿಡಿಯಬಹುದೇ ಹೊರತು ಕೂದಲನ್ನಾಗಲಿ ಬಟ್ಟೆಯನ್ನಾಗಲಿ ಹಿಡಿದೆಳೆಯುವಂತಿಲ್ಲ, ಬಾಯಿಮುಚ್ಚಿ ಉಸಿರು ಕಟ್ಟಿಸುವಂತಿಲ್ಲ. ಆಸ್ಟ್ರೇಲಿಯದವರ ನಿಯಮವೂ ಇದೇ ಜಾತಿಯದು: ಹಿಡಿತ ಹೆಗಲಿನಿಂದ ಕೆಳಗೆ, ಮೊಣಕಾಲಿನಿಂದ ಮೇಲೆ ಇರಬೇಕು. ಕೊರಳಿಗೋ ತಲೆಗೋ ಹೆಗಲಿನ ನೆತ್ತಿಗೋ ಕೈ ಬಿದ್ದರೆ ಅಂಪಾಯರು ಸೀಟಿ ಊದಿ ಹಿಡಿಸಿಕೊಂಡವನಿಗೆ ಫ್ರೀ ಕಿಕ್ ಕೊಡುತ್ತಾರೆ. ಯಾರೂ ಅಡ್ಡಬರದಂತೆ ಸಾವಕಾಶವಾಗಿ ಒದೆಯುವ ಹಕ್ಕು ಅದು. ಗೋಲಿನ ಸಮೀಪದಲ್ಲಿ ಸಿಕ್ಕರೆ 6 ಅಂಕ ಬಹುಮಟ್ಟಿಗೆ ಕೈಸೇರಿದಂತೆಯೇ.

ಇದರ ಜೊತೆಯಲ್ಲಿಯೇ ಇನ್ನೊಂದು ನಿಯಮ ಹೆಣೆದುಕೊಂಡಿದೆ. ಚೆಂಡನ್ನು ಬೇರೆಯವರಿಗೆ ಕೊಡಲು ಸಾಕಷ್ಟು ಅವಕಾಶವಿದ್ದೂ ಕೊಡದೆ ಸರಿಯಾದ ಹಿಡಿತಕ್ಕೆ ಸಿಕ್ಕಿಬಿದ್ದವನು ಕೂಡಲೇ ಒದೆಯಬೇಕು ಅಥವಾ ಗುದ್ದಬೇಕು. ಇಲ್ಲವಾದರೆ ಚೆಂಡನ್ನು ಹಿಡಿದಿಟ್ಟುಕೊಂಡ ತಪ್ಪಿಗೆ ಫ್ರೀ ಕಿಕ್ ಹಿಡಿದವನ ಪಾಲು. ಅಂದರೆ ಒಂದೇ ಹಿಡಿತ, ಎರಡು ತಕ್ಕಡಿ. ಕೈ ನಾಲ್ಕು ಅಂಗುಲ ಕೆಳಗಿದ್ದರೆ ಲಾಭ ಹಿಡಿದವನಿಗೆ, ನಾಲ್ಕು ಅಂಗುಲ ಮೇಲಿದ್ದರೆ ಸಿಕ್ಕಿಬಿದ್ದವನಿಗೆ. ಈ ನಾಲ್ಕು ಅಂಗುಲದಲ್ಲಿ ಅಡಗಿರುವ ಲಾಭವನ್ನು ಚತುರ ಆಟಗಾರರು ಕಾಣದೆ ಬಿಡುತ್ತಾರೆಯೆ?

ಕಾಣದೆ ಬಿಡಲಿಲ್ಲ. ಹಿಡಿತಕ್ಕೆ ಸಿಕ್ಕಿಬೀಳುವುದು ಖಂಡಿತವೆಂದು ಕಂಡಾಗ ಓಡುವವನು ಮೊಣಕಾಲು ಮಡಿಸಿ ಒಮ್ಮೆಲೇ ಕುಸಿಯುತ್ತಾನೆ. ಎದೆಗೆಂದು ಚಾಚಿದ ಕೈ ಕೊರಳಿಗೆ ಬೀಳುತ್ತದೆ. ಅಥವಾ ತಲೆ ತಗ್ಗಿಸಿ ಎದುರಾಳಿಯ ಹೊಟ್ಟೆಗೇ ನುಗ್ಗುತ್ತಾನೆ. ಇವೆರಡಕ್ಕಿಂತ ಜಾಣತನದ್ದು ಮೂರನೆಯದು: ಎದುರಾಳಿಯ ಕೈ ತನ್ನ ತೋಳಿನ ಮೇಲೆ ಬಿದ್ದ ಕ್ಷಣದಲ್ಲಿಯೇ ಆ ತೋಳನ್ನು ಮೇಲಕ್ಕೆತ್ತಿ ಹೆಗಲು ಕೊಡಹುವುದು. ಹಿಡಿದ ಕೈ ತೋಳಿನ ಮೇಲೆ ಜಾರಿ ನೇರವಾಗಿ ಕುತ್ತಿಗೆಗೆ ಹತ್ತುತ್ತದೆ. ದೂರದಿಂದ ನೋಡಿದವರಿಗೆ ಕಾಣುವುದು ಕುತ್ತಿಗೆಯಲ್ಲಿರುವ ಕೈ ಮಾತ್ರ. ಅದು ಅಲ್ಲಿಗೆ ಹೇಗೆ ಬಂದಿತೆಂಬುದಲ್ಲ.

ಗೀಲಾಂಗ್ ಪಕ್ಷದ ನಾಯಕನಾಗಿದ್ದ ಜೋಯೆಲ್ ಸೆಲ್‌ವುಡ್ ಈ ಬಗೆಯ ಫ್ರೀ ಕಿಕ್ಕುಗಳಿಗೆ ಹೆಸರಾದವನು. ಆತ ಅಂಜುಬುರುಕನೆಂದು ಯಾರೂ ಹೇಳಲಾರರು. ಹಣೆಗೆ ಬಟ್ಟೆ ಸುತ್ತಿ, ರಕ್ತ ಸುರಿಯುತ್ತಿದ್ದರೂ ಆಡಿದ ಅವನ ಚಿತ್ರಗಳು ಪ್ರಸಿದ್ಧವಾಗಿವೆ. 355 ಪಂದ್ಯಗಳನ್ನಾಡಿ, ನಾಲ್ಕು ಬಾರಿ ಚಾಂಪಿಯನ್ ಪಕ್ಷದಲ್ಲಿದ್ದು, 2022ರಲ್ಲಿ ನಾಲ್ಕನೆಯ ಗೆಲುವಿನ ಬಳಿಕ ನಿವೃತ್ತನಾದನು. ಅವನ ಅಭಿಮಾನಿಗಳು ಅದನ್ನು ಕಲೆ ಎಂದರು. ಎದುರು ಪಕ್ಷದವರು ಮೋಸ ಎಂದರು. ನಮ್ಮ ಮಟ್ಟಿಗೆ ಎರಡೂ ಮಾತು ಅರ್ಧ ಸತ್ಯ. ನಿಯಮದಲ್ಲಿ ಬಿಟ್ಟ ಕಿಂಡಿಯಲ್ಲಿ ಆಟಗಾರ ನುಸುಳಿದರೆ ಅವನನ್ನು ಬೈಯುವುದಕ್ಕಿಂತ ಕಿಂಡಿ ಮುಚ್ಚುವುದು ಮೇಲು.

ಹಾಗಾದರೆ ನಿಯಮವನ್ನೇ ಸಡಿಲಿಸಿ, ಸ್ವಲ್ಪ ಮೇಲೆ ಹಿಡಿದರೂ ಪರವಾಗಿಲ್ಲ ಎನ್ನಬಹುದಲ್ಲ ಎಂದು ಯಾರಾದರೂ ಕೇಳಬಹುದು. ಹಾಗೆನ್ನಲು ಆಗದು. ಕಾರಣ ಬಹಳ ಗಂಭೀರವಾದದ್ದು. ಮಕ್ಕಳನ್ನು ಆಟಕ್ಕೆ ಕಳುಹಿಸುವ ತಂದೆತಾಯಿಗಳು ಇದನ್ನು ಗಮನವಿಟ್ಟು ಓದಬೇಕು.

1975ರಲ್ಲಿ ಫುಟ್ಸ್‌ಕ್ರೇ ಪಕ್ಷಕ್ಕೆ ಹೊಸದಾಗಿ ಸೇರಿದ್ದ ನೀಲ್ ಸ್ಯಾಕ್ಸಿ ಎಂಬ ಆಟಗಾರ ತನ್ನ ಎರಡನೆಯ ಪಂದ್ಯದಲ್ಲಿಯೇ ಚೆಂಡಿಗಾಗಿ ತಲೆ ಬಗ್ಗಿಸಿದಾಗ ಎದುರಾಳಿಯ ದೇಹಕ್ಕೆ ಬಡಿದನು. ಅದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಕುತ್ತಿಗೆಯ ಮೂಳೆಗೆ ಪೆಟ್ಟಾಗಿ ಕೈಕಾಲುಗಳ ಸ್ವಾಧೀನ ತಪ್ಪಿತು. ಆಮೇಲಿನ 45 ವರ್ಷ ಆತ ಬದುಕಿದ್ದು ಗಾಲಿಕುರ್ಚಿಯಲ್ಲಿ. ಬೆನ್ನುಹುರಿಯ ಗಾಯಗಳ ಸಂಶೋಧನೆಗಾಗಿ ಹಣ ಕೂಡಿಸುತ್ತ ದುಡಿದು 2020ರಲ್ಲಿ ತೀರಿಕೊಂಡನು. ಬಗ್ಗಿದ ತಲೆಗೆ ನೆಟ್ಟಗೆ ಮುಂದಿನಿಂದ ಪೆಟ್ಟು ಬಿದ್ದರೆ ಕುತ್ತಿಗೆಯ ಮಣಿಗಳು ಒಂದರ ಮೇಲೊಂದು ಅದುಮಿ ಹೋಗುತ್ತವೆ. ತಲೆ ಎತ್ತಿದ್ದಾಗ ಕುತ್ತಿಗೆ ಬಿಲ್ಲಿನಂತೆ ಬಾಗಿ ಪೆಟ್ಟನ್ನು ಅಷ್ಟಿಷ್ಟು ಹೀರಿಕೊಳ್ಳಬಲ್ಲದು. ತಲೆ ತಗ್ಗಿಸಿದಾಗ ಅದು ನೆಟ್ಟನೆಯ ಕೋಲಿನಂತಾಗುತ್ತದೆ. ಆದ್ದರಿಂದ ಫ್ರೀ ಕಿಕ್ಕಿನ ಆಸೆಗೆ ತಲೆ ತಗ್ಗಿಸಿ ನುಗ್ಗುವವನು ಒಂದು ಗೋಲಿಗಾಗಿ ಬಾಳನ್ನೇ ಪಣಕ್ಕಿಡುತ್ತಾನೆ.

ಎರಡನೆಯದು ಮಿದುಳಿಗೆ ಮರಳಿ ಮರಳಿ ಬೀಳುವ ಏಟು. ಇದರಿಂದ ವರ್ಷಗಳು ಕಳೆದ ಮೇಲೆ ಮರೆವು, ಮನಸ್ಸಿನ ಏರುಪೇರು ಮೊದಲಾದ ತೊಂದರೆಗಳನ್ನು ತರುವ ಕಾಯಿಲೆ ಬರಬಹುದೆಂದು ವೈದ್ಯರು ಹೇಳುತ್ತಾರೆ. ಆಟಗಾರ ಸತ್ತ ಮೇಲೆ ಮಿದುಳನ್ನು ಪರೀಕ್ಷಿಸಿಯೇ ಅದನ್ನು ಖಚಿತಪಡಿಸಬೇಕು. ಈ ಆಟದ ಮಹಾರಥಿಗಳಲ್ಲಿ ಒಬ್ಬನಾದ ಗ್ರಹಾಂ ಫಾರ್ಮರ್ 2019ರಲ್ಲಿ 84ನೆಯ ವಯಸ್ಸಿನಲ್ಲಿ ತೀರಿಕೊಂಡ ಬಳಿಕ ಅವನ ಮಿದುಳಿನಲ್ಲಿ ಈ ಕಾಯಿಲೆ ಇದ್ದದ್ದು 2020ರಲ್ಲಿ ತಿಳಿದುಬಂದಿತು. ಅವನಾದರೂ ತುಂಬು ಬಾಳು ಬಾಳಿದವನು. 2022ರಲ್ಲಿ ತೀರಿಕೊಂಡ ಹೆದರ್ ಆಂಡರ್ಸನ್ ಎಂಬ ಆಟಗಾರ್ತಿಗೆ ವಯಸ್ಸು ಕೇವಲ 28. ಅವಳಲ್ಲಿಯೂ ಅದೇ ಕಾಯಿಲೆ ಇತ್ತೆಂದು 2023ರಲ್ಲಿ ಪ್ರಕಟವಾಯಿತು. ತಲೆಗೆ ಏಟಾಗಿ ಮಂಪರು ಬಂದ ಲೀಗಿನ ಆಟಗಾರ ಕನಿಷ್ಠ 12 ದಿನ ಆಡಕೂಡದೆಂದು 2021ರಲ್ಲಿಯೇ ಕಟ್ಟಳೆಯಾಗಿತ್ತು. ಊರೂರಿನ ಸಂಘಗಳಿಗೂ ಮಕ್ಕಳ ಆಟಕ್ಕೂ 2024ರಲ್ಲಿ ಈ ಅವಧಿಯನ್ನು 21 ದಿನವೆಂದು ಗೊತ್ತುಪಡಿಸಿದರು. ದೊಡ್ಡವರಿಗಿಂತ ಮಕ್ಕಳಿಗೆ ಹೆಚ್ಚು ದಿನ ಎಂಬುದನ್ನು ಗಮನಿಸಬೇಕು.

ಈಗ ಇಕ್ಕಟ್ಟು ಎಲ್ಲಿದೆಯೆಂದು ಸ್ಪಷ್ಟವಾಗುತ್ತದೆ. ಕೊರಳಿಗೆ ಕೈ ಬಿದ್ದಾಗಲೆಲ್ಲ ಫ್ರೀ ಕಿಕ್ ಕೊಟ್ಟರೆ ಆಟಗಾರರು ಬೇಕೆಂದೇ ತಲೆಯನ್ನು ಅಪಾಯಕ್ಕೊಡ್ಡುತ್ತಾರೆ. ಕೊಡದಿದ್ದರೆ ಹಿಡಿಯುವವರು ಕೊರಳಿನ ಪರಿವೆಯಿಲ್ಲದೆ ಕೈ ಬೀಸುತ್ತಾರೆ. ಎರಡು ಕಡೆಯೂ ತಲೆಗೇ ಪೆಟ್ಟು. ತಲೆಯನ್ನು ಕಾಪಾಡಬೇಕೆಂದು ಹುಟ್ಟಿದ ನಿಯಮ ತಲೆಗೇ ಮುಳುವಾಗದಂತೆ ಅರ್ಥ ಮಾಡುವುದು ಹೇಗೆ?

ಕೈ ಎಲ್ಲಿ ಬಿದ್ದಿತೆಂಬುದರ ಜೊತೆಗೆ, ಅದು ಅಲ್ಲಿ ಬೀಳಲು ಕಾರಣ ಯಾರು ಎಂಬುದನ್ನೂ ನೋಡಬೇಕೆಂಬುದು ಇಂದಿನ ನಿಯಮದ ತಿರುಳು. 2022ರ ಜುಲೈಯಲ್ಲಿ ಲೀಗಿನವರು ಇದನ್ನು ಮತ್ತೊಮ್ಮೆ ಬಿಡಿಸಿ ಹೇಳಿದರು. ಹೆಗಲು ಕೊಡಹಿಯೋ, ಕುಸಿದೋ, ತೋಳೆತ್ತಿಯೋ ಆಟಗಾರ ತಾನೇ ಕೈಯನ್ನು ಮೇಲಕ್ಕೆ ತಂದುಕೊಂಡಿದ್ದರೆ ಅವನಿಗೆ ಫ್ರೀ ಕಿಕ್ ಇಲ್ಲ, ಆಟ ಮುಂದುವರಿಯಲಿ. ಮೊದಲೇ ಚೆಂಡು ಕೊಡಲು ಅವಕಾಶವಿದ್ದೂ ಹೀಗೆ ಮಾಡಿದ್ದರೆ ಚೆಂಡು ಹಿಡಿದಿಟ್ಟ ತಪ್ಪು ಅವನದೇ.

ಕ್ರಿಕೆಟ್ ಬಲ್ಲವರಿಗೆ ಇದು ತೀರ ಹೊಸದೆನಿಸಲಾರದು. ಬ್ಯಾಟುಗಾರ ಚೆಂಡನ್ನು ಆಡಲೂ ಇಲ್ಲ, ತಪ್ಪಿಸಿಕೊಳ್ಳಲೂ ಇಲ್ಲ, ಸುಮ್ಮನೆ ಕಾಲು ಒಡ್ಡಿದ ಎಂದು ಅಂಪಾಯರಿಗೆ ತೋರಿದರೆ ಕಾಲಿಗೆ ಬಡಿದು ಹೋದ ಚೆಂಡಿಗೆ ಲೆಗ್ ಬೈ ಓಟ ಕೊಡುವುದಿಲ್ಲ. ಅಲ್ಲಿಯೂ ಅಂಪಾಯರು ಚೆಂಡಿನ ದಾರಿಯನ್ನು ಮಾತ್ರವಲ್ಲ, ಆಟಗಾರನ ನಡೆಯನ್ನೂ ತೂಗಿ ನೋಡುತ್ತಾರೆ.

ಆದರೆ ನಡೆ ಬೇರೆ, ಮನಸ್ಸು ಬೇರೆ. ಹುಡುಗನೊಬ್ಬ ಬೇಕೆಂದೇ ಕುಸಿದನೋ, ಒದ್ದೆ ಹುಲ್ಲಿನಲ್ಲಿ ಕಾಲು ಜಾರಿತೋ ಎಂದು ಅವನ ಮನಸ್ಸನ್ನು ಹೊಕ್ಕು ನೋಡಲು ಯಾವ ಅಂಪಾಯರಿಗೂ ಸಾಧ್ಯವಿಲ್ಲ. ಕಣ್ಣಿಗೆ ಕಾಣುವ ಕ್ರಮವನ್ನು ಮಾತ್ರ ನೋಡಬಹುದು: ಕೈ ಮೊದಲು ತಾಗಿದ್ದೆಲ್ಲಿ? ಆಮೇಲೆ ಅದು ಚಲಿಸಿತೆ? ಚಲಿಸಿದ್ದರೆ ಚಲಿಸಿದ್ದು ಹಿಡಿದವನ ಕೈಯೋ, ಹಿಡಿಸಿಕೊಂಡವನ ಮೈಯೋ?

ಒಂದೆರಡು ಸಂದರ್ಭಗಳನ್ನು ತೆಗೆದುಕೊಳ್ಳೋಣ. ನೆಲದ ಮೇಲೆ ಉರುಳುತ್ತಿರುವ ಚೆಂಡನ್ನು ಎತ್ತಿಕೊಳ್ಳಲು ಒಬ್ಬನು ಬಗ್ಗಿದ್ದಾನೆ, ಇನ್ನೊಬ್ಬನು ಬಂದು ಅವನ ಕೊರಳಿಗೆ ಕೈಹಾಕಿದನು. ಇಲ್ಲಿ ಬಗ್ಗಿದವನು ತಲೆ ತಗ್ಗಿಸಿದ್ದು ಚೆಂಡಿಗಾಗಿ. ಬಗ್ಗದೆ ಚೆಂಡನ್ನು ಎತ್ತುವುದಾದರೂ ಹೇಗೆ? ತಪ್ಪು ಸಂಪೂರ್ಣವಾಗಿ ಹಿಡಿದವನದು. ಇದರಲ್ಲಿ ನಮಗೆ ಲವಲೇಶವೂ ಸಂಶಯವಿಲ್ಲ. ಇನ್ನೊಂದು: ಚೆಂಡು ಕೈಯಲ್ಲಿ ಭದ್ರವಾಗಿದೆ, ಆಟಗಾರ ಹತ್ತು ಹೆಜ್ಜೆ ಓಡಿದ್ದಾನೆ, ಎದುರಾಳಿ ಸೊಂಟಕ್ಕೆ ಸರಿಯಾಗಿ ಕೈ ಚಾಚಿ ನಿಂತಿದ್ದಾನೆ, ಇವನು ಕೊನೆಯ ಹೆಜ್ಜೆಯಲ್ಲಿ ಮೊಣಕಾಲು ಮಡಿಸಿ ತಲೆಯನ್ನೇ ಆ ಕೈಗಳ ನಡುವೆ ತುರುಕಿದನು. ಇವನಿಗೆ ಫ್ರೀ ಕಿಕ್ ಏಕೆ ಕೊಡಬೇಕು?

ಕಷ್ಟವಾಗುವುದು ಇವೆರಡರ ನಡುವಿನದು. ಹಿಡಿದವನ ಕೈ ಮೊದಲು ಬಿದ್ದದ್ದು ತೋಳಿನ ಮೇಲ್ಭಾಗಕ್ಕೆ, ಹೆಗಲಿನಿಂದ ಎರಡೇ ಅಂಗುಲ ಕೆಳಗೆ. ಹಿಡಿಸಿಕೊಂಡವನು ಬಿಡಿಸಿಕೊಳ್ಳಲು ಸಹಜವಾಗಿ ತೋಳು ಆಡಿಸಿದನು, ಕೈ ಜಾರಿತು. ಇಲ್ಲಿ ಇಬ್ಬರ ಪಾಲೂ ಇದೆ. ನಮ್ಮ ಅಭಿಪ್ರಾಯದಲ್ಲಿ ಇಂಥಲ್ಲಿ ಹೊಣೆ ಹಿಡಿದವನ ಮೇಲೆಯೇ ಬೀಳಬೇಕು. ಏಕೆಂದರೆ ಎಲ್ಲಿ ಹಿಡಿಯಬೇಕೆಂಬ ಆಯ್ಕೆ ಅವನದು. ಸೊಂಟವನ್ನು ಹಿಡಿಯಲು ಬಗ್ಗಬೇಕು, ಬಗ್ಗಲು ಮೈ ದಂಡಿಸಬೇಕು. ಆ ಶ್ರಮ ತಪ್ಪಿಸಿಕೊಳ್ಳಲು ಹೆಗಲ ಅಂಚಿಗೆ ಕೈ ಹಾಕಿದವನು ಜಾರುವ ಅಪಾಯವನ್ನೂ ತಾನೇ ಹೊರಲಿ. ಗದ್ದೆಯ ಅಂಚಿನಲ್ಲಿ ಹಸುವನ್ನು ಮೇಯಲು ಕಟ್ಟಿದವನು ಹಸು ಪಕ್ಕದ ಪೈರಿಗೆ ಬಾಯಿ ಹಾಕಿದರೆ ಹಗ್ಗ ಉದ್ದವಾಯಿತೆಂದು ಹೇಳಿ ಪಾರಾಗಲಾರನಷ್ಟೆ.

ಇನ್ನೊಂದು ವಿಷಯದಲ್ಲಿ ನಾವು ಅನೇಕರ ಮಾತನ್ನು ಒಪ್ಪುವುದಿಲ್ಲ. ತಲೆ ತಗ್ಗಿಸಿದವನಿಗೆ ಫ್ರೀ ಕಿಕ್ ಇಲ್ಲ ಎಂದರೆ ಅವನ ತಲೆ ಏನಾದರೂ ಆಗಲಿ ಎಂದರ್ಥವಲ್ಲ. ತಾನೇ ಕುಸಿದವನ ಕೊರಳು ಕೈಗೆ ಸಿಕ್ಕಿದೆಯೆಂದು ಅದನ್ನು ಹಿಡಿದು ತಿರುಚಿ ನೆಲಕ್ಕೆ ಒಗೆದರೆ ಅದು ಬೇರೆಯೇ ಅಪರಾಧ. ಫ್ರೀ ಕಿಕ್ ನಿರಾಕರಿಸುವುದು ಜಾಣತನಕ್ಕೆ ಬಹುಮಾನ ಬೇಡವೆಂಬ ಕಾರಣದಿಂದ. ಒರಟುತನಕ್ಕೆ ರಹದಾರಿ ಕೊಡಲೆಂದಲ್ಲ.

2022ರಲ್ಲಿ ನಡೆದ ಒಂದು ಪ್ರಸಂಗ ಈ ನಿಯಮವನ್ನು ಹೇಗೆ ಅನ್ವಯಿಸಬಾರದೆಂಬುದಕ್ಕೆ ಉದಾಹರಣೆ. ಕಾಲಿಂಗ್‌ವುಡ್ ಪಕ್ಷದ ಜ್ಯಾಕ್ ಗಿನಿವನ್ ಎಂಬ ಎಳೆಯ ಆಟಗಾರ ಆ ವರ್ಷ ಏಪ್ರಿಲ್ 25ರ ಪ್ರತಿಷ್ಠಿತ ಪಂದ್ಯದಲ್ಲಿ 5 ಗೋಲು ಹೊಡೆದು ಶ್ರೇಷ್ಠ ಆಟಗಾರನ ಪದಕ ಪಡೆದಿದ್ದನು. ಹೆಗಲು ಕೊಡಹಿ ಫ್ರೀ ಕಿಕ್ ಗಿಟ್ಟಿಸಿಕೊಳ್ಳುವವನೆಂಬ ಹೆಸರೂ ಜೊತೆಗೇ ಅಂಟಿಕೊಂಡಿತು. ಜುಲೈಯಲ್ಲಿ ಲೀಗಿನವರ ವಿವರಣೆ ಹೊರಬಿತ್ತು. ಅದಾಗಿ ಕೆಲವೇ ದಿನಗಳಲ್ಲಿ ಎಸೆಂಡನ್ ವಿರುದ್ಧದ ಪಂದ್ಯದಲ್ಲಿ ಎದುರಾಳಿಯೊಬ್ಬ ಅವನ ಕೊರಳನ್ನೇ ಸುತ್ತಿ ಹಿಡಿದರೂ ಸೀಟಿ ಮೊಳಗಲಿಲ್ಲ. ಅಲ್ಲಿ ಫ್ರೀ ಕಿಕ್ ಕೊಡಬೇಕಿತ್ತೆಂದು ಲೀಗಿನವರೇ ಆಮೇಲೆ ಒಪ್ಪಿಕೊಂಡರು. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆ ನೆನಪಾಗುವುದು ಸಹಜ. ಆದರೆ ಅಂಪಾಯರು ಹಳ್ಳಿಯ ಜನರಂತೆ ಕೂಗಿದವನ ಹೆಸರು ಕೇಳಿ ಕಿವಿ ಮುಚ್ಚಿಕೊಳ್ಳಬಾರದು. ಕಳೆದ ವಾರ ಅವನು ಏನು ಮಾಡಿದನೆಂಬುದು ಈ ಹಿಡಿತಕ್ಕೆ ಸಾಕ್ಷಿಯಾಗದು.

ಒಂದು ಸೀಟಿಯ ಮೇಲೆ ಎಷ್ಟು ನಿಂತಿರುತ್ತದೆಂಬುದನ್ನು ತಿಳಿಯಲು 2017ರ ಸೆಪ್ಟೆಂಬರಿನಲ್ಲಿ ಅಡಿಲೇಡ್ ನಗರದಲ್ಲಿ ನಡೆದ ಪಂದ್ಯವನ್ನು ನೋಡಬೇಕು. ಪೋರ್ಟ್ ಅಡಿಲೇಡಿಗೂ ವೆಸ್ಟ್ ಕೋಸ್ಟಿಗೂ ನಡುವೆ, ಸೋತವರು ಆ ವರ್ಷಕ್ಕೆ ಮನೆಗೆ ಹೋಗಬೇಕಾದ ಪಂದ್ಯ. ನಿಗದಿತ ಅವಧಿಯಲ್ಲಿ ಸಮಸಮ. ಹೆಚ್ಚಿನ ಸಮಯ ಕೊಟ್ಟರು. ಅದರ ಕೊನೆಯ ಕ್ಷಣಗಳಲ್ಲಿ ಪೋರ್ಟ್ 76, ವೆಸ್ಟ್ ಕೋಸ್ಟ್ 72. ಚೆಂಡು ವೆಸ್ಟ್ ಕೋಸ್ಟಿನ ಲ್ಯೂಕ್ ಶೂಯಿಯ ಕೈಗೆ ಬಂದಿತು. ಪೋರ್ಟಿನ ಜ್ಯಾರೆಡ್ ಪೊಲೆಕ್ ಅವನನ್ನು ಹಿಡಿದನು. ಕೈ ಮೇಲೆ ಹೋಯಿತೆಂದು ಅಂಪಾಯರು ಸೀಟಿ ಊದಿದರು. ಹೊತ್ತು ಮುಗಿದ ಸೈರನ್ ಕೂಗಿದರೂ ಮೊದಲೇ ಕೊಟ್ಟ ಫ್ರೀ ಕಿಕ್ಕನ್ನು ತೆಗೆದುಕೊಳ್ಳಲು ಹಕ್ಕಿದೆ. ಊರಿನವರೆಲ್ಲ ಕೂಗಿ ಕಂಗೆಡಿಸುತ್ತಿದ್ದಂತೆಯೇ ಶೂಯಿ ಒದ್ದನು. ಚೆಂಡು ನಡುಗಂಬಗಳ ಮಧ್ಯೆ ಹೋಯಿತು: 72ಕ್ಕೆ 6 ಕೂಡಿ 78. ಎರಡೇ ಅಂಕಗಳಿಂದ ವೆಸ್ಟ್ ಕೋಸ್ಟ್ ಗೆದ್ದಿತು. ಗಣಿತದಲ್ಲಿ ಆಸಕ್ತಿಯುಳ್ಳವರು ಇದನ್ನೂ ಗಮನಿಸಲಿ: ಪೋರ್ಟ್ 10 ಗೋಲು ಮತ್ತು 16 ಒಂಟಿ ಅಂಕಗಳನ್ನು ಗಳಿಸಿತ್ತು, ಅಂದರೆ 26 ಸಲ ಅಂಕ ಗಳಿಸಿತ್ತು, ವೆಸ್ಟ್ ಕೋಸ್ಟ್ 12 ಗೋಲು ಮತ್ತು 6 ಒಂಟಿ ಅಂಕ, ಕೇವಲ 18 ಸಲ. ತಮ್ಮ ಗುರಿ ತಪ್ಪಿದ್ದನ್ನು ಬಿಟ್ಟು ಸೀಟಿಯೊಂದನ್ನೇ ದೂರುವುದು ಪೋರ್ಟ್ ಅಭಿಮಾನಿಗಳಿಗೆ ಅಷ್ಟು ಶೋಭಿಸದು.

ಶೂಯಿ ತಾನೇ ಹೆಗಲು ಕೊಡಹಿ ಕೈಯನ್ನು ಮೇಲೆ ತಂದುಕೊಂಡನೆ ಎಂದು ಆ ನಾಡಿನಲ್ಲಿ ಬಹಳ ಚರ್ಚೆಯಾಯಿತು. ದಣಿದ ಆಟಗಾರ ಕೊನೆಯ ಗಳಿಗೆಯಲ್ಲಿ ಬಗ್ಗಲಾರದೆ ಎತ್ತರದಲ್ಲಿ ಕೈ ಹಾಕುವುದು ಸಹಜವೇ. ನಾವು ಮೇಲೆ ಹೇಳಿದ ಅಳತೆಯಿಂದ ನೋಡಿದರೆ, ಹೆಗಲ ಅಂಚನ್ನು ಆರಿಸಿಕೊಂಡ ಕೈಯ ಹೊಣೆ ಪೊಲೆಕನದೇ ಆಗುತ್ತದೆ.

ಇಂಥ ತೀರ್ಪುಗಳನ್ನು ಚಿತ್ರ ನೋಡಿ ಬದಲಾಯಿಸುವ ಪದ್ಧತಿ ಆ ಆಟದಲ್ಲಿಲ್ಲ. ಗೋಲು ಆಯಿತೋ ಇಲ್ಲವೋ ಎಂಬ ಸಂಶಯಕ್ಕೆ ಮಾತ್ರ ಚಿತ್ರದ ನೆರವು ಪಡೆಯುತ್ತಾರೆ. ಹಿಡಿತದ ವಿಷಯದಲ್ಲಿ ಅಂಪಾಯರ ಕಣ್ಣೇ ಕೊನೆಯದು. ಹಿಡಿತವನ್ನು ಹಿಂದಿನಿಂದ ನೋಡಿದರೆ ಕೈ ಮೊದಲು ತಾಗಿದ್ದೆಲ್ಲಿ ಎಂಬುದು ಬೆನ್ನಿನ ಮರೆಗೆ ಬೀಳುತ್ತದೆ, ಪಕ್ಕದಿಂದ ನೋಡಿದರೆ ಮಾತ್ರ ಕಾಣುತ್ತದೆ. ಅಷ್ಟು ವಿಶಾಲವಾದ ಅಂಗಣದ ಒಳಗೆ ಓಡಾಡುತ್ತ ತೀರ್ಪು ಕೊಡುವ ಅಂಪಾಯರು ಮೊದಲು ಮೂವರಿದ್ದರು. 2023ರಿಂದ ನಾಲ್ವರಾಗಿದ್ದಾರೆ.